ಗೋದಲಿಯ ಪಕ್ಕದಲ್ಲೊಂದು ಭಾಲ್ಕಿ ಸ್ಟೇಷನ್

ಡಿಸೆಂಬರ್ ಬಂತೆಂದರೆ ಬೀದರ್‌ನ ಮಂಗಲಪೇಟೆ ಓಣಿಗಳಲ್ಲಿ ಮನೆಮುಂದೆ ನಕ್ಷತ್ರ ಏರುತ್ತದೆ. ರಾತ್ರಿ ಕ್ಯಾರಲ್ ತಂಡ, ಅಡುಗೆಮನೆಯಲ್ಲಿ ಕರ್ಚಿಕಾಯಿ, ಶಂಕರಪೋಳಿ, ಪಡಸಾಲೆಯ ಮೂಲೆಯಲ್ಲಿ ಹುಲ್ಲು ಹಾಸಿದ ಗೋದಲಿ. ಪುಟ್ಟ ರೈಲು ಕಟ್ಟಿ ಓಡಿಸುವ ಹವ್ಯಾಸದವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಹೊತ್ತಿಲ್ಲ, ಇದಕ್ಕಿಂತ ಇಕ್ಕಟ್ಟಿನ ಹೊತ್ತೂ ಇಲ್ಲ. ಮಕ್ಕಳಿಗೆ ರಜೆ, ನಿಜ. ಆದರೆ ಹಳಿ ಹಾಸಬೇಕಾದ ಜಾಗದಲ್ಲೇ ಬೀಗರು ಕೂರಬೇಕು.

ಕ್ರಿಸ್‌ಮಸ್‌ಗೂ ಪುಟ್ಟ ರೈಲಿಗೂ ನಂಟು ಬೆಳೆದದ್ದರಲ್ಲಿ ಅಂಗಡಿಯವರ ಪಾಲು ದೊಡ್ಡದು. 1901ರಲ್ಲಿ ನ್ಯೂಯಾರ್ಕ್‌ನ ಜೋಶುವಾ ಲಯನೆಲ್ ಕೋವೆನ್ ಅಂಗಡಿ ಕಿಟಕಿಯಲ್ಲಿ ಸಾಮಾನು ತೋರಿಸಲೆಂದು ವಿದ್ಯುತ್ ಬಂಡಿಯೊಂದನ್ನು ಮಾಡಿದ. ಗಿರಾಕಿಗಳು ಸಾಮಾನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಅದಕ್ಕೂ ಹತ್ತು ವರ್ಷ ಮೊದಲೇ ಜರ್ಮನಿಯ ಮೇರ್‌ಕ್ಲಿನ್ ಕಂಪನಿ ಗೊತ್ತಾದ ಅಳತೆಯ ಹಳಿಗಳನ್ನು ಮಾರುಕಟ್ಟೆಗೆ ತಂದಿತ್ತು. ಒಂದು ಹಬ್ಬಕ್ಕೆ ಇಂಜಿನ್, ಮುಂದಿನ ಹಬ್ಬಕ್ಕೆ ಎರಡು ಡಬ್ಬಿ ಎಂದು ಕೊಂಡು ಜೋಡಿಸುತ್ತ ಹೋಗುವ ರೂಢಿ ಹೀಗೆ ಬೇರೂರಿತು.

ಆಟಿಕೆಗೂ ಮಾಡೆಲ್‌ಗೂ ಇರುವ ಫರಕು ಅಳತೆಯದು. ಎಚ್‌ಒ ಎಂಬ ಚಾಲ್ತಿ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಆದ್ದರಿಂದ ಲೆಕ್ಕಕ್ಕೆ 19 ದಾಟಬೇಕು. ಹಾಗಾಗಿ ಅಂಗಡಿಯ ಹಳಿಯ ಮೇಲೆ ಭಾರತದ ಗಾಡಿ ಕೊಂಚ ಕಾಲು ಕೂಡಿಸಿಕೊಂಡೇ ನಿಲ್ಲುತ್ತದೆ. ಮಡಿವಂತರು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನ್ನ ಕೇಳಿದರೆ, ಹಬ್ಬದ ಮನೆಯಲ್ಲಿ ಅಷ್ಟು ಮಡಿ ಬೇಡ. ಉದ್ದದ ಮಾತೂ ಹಾಗೆಯೇ: ಎಲ್‌ಎಚ್‌ಬಿ ಎಂಬ ಮಾದರಿಯ ಪ್ರಯಾಣಿಕರ ಡಬ್ಬಿ ಒಂದಕ್ಕೇ 27 ಸೆಂಟಿಮೀಟರ್ ಬೇಕು. ಇಪ್ಪತ್ತೆರಡು ಡಬ್ಬಿಯ ಪೂರ್ತಿ ಗಾಡಿ ಜೋಡಿಸಿದರೆ ಆರು ಮೀಟರ್ ಸಾಲದು. ಇಂಜಿನ್ ಹಿಂದೆ ಮೂರು ಡಬ್ಬಿ ಸಾಕು. ಜಾಗ ಇನ್ನೂ ಕಡಿಮೆಯಿದ್ದರೆ ಎನ್ ಅಳತೆ ಇದೆ, 160ರಲ್ಲಿ ಒಂದು ಪಾಲು. ಅದರ ಸುತ್ತು ಟೀಪಾಯಿಯ ಮೇಲೇ ಹಿಡಿಯುತ್ತದೆ.

ಎರಡು ಕೋಣೆಯ ಮನೆಯಲ್ಲಿ ಕಾಯಂ ಹಳಿ ಹಾಸುವ ಆಸೆಯನ್ನು ಮೊದಲೇ ಬಿಡುವುದು ಲೇಸು. ಮೂರಡಿ ಅಗಲ, ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆಯನ್ನು ನಡುವೆ ಕೊಯ್ದು ಕೀಲು ಹಾಕಿಸಿದರೆ ಮಡಚಿ ದಿವಾನಿನ ಕೆಳಗೆ ನೂಕಬಹುದು. “ರೈಲು ಎತ್ತಿಡ್ರಿ, ಮಂದಿ ಬರೋ ಹೊತ್ತಾತು” ಎಂಬ ಮಾತು ಒಳಗಿನಿಂದ ಬಂದಾಗ ವಾದಕ್ಕೆ ನಿಲ್ಲದೆ ಎತ್ತಿಡಲು ಬರುವಂತಿರಬೇಕು. ಇನ್ನೂ ಜಾಣತನವೆಂದರೆ ರೈಲನ್ನು ಗೋದಲಿಯ ಸುತ್ತಲೇ ತಿರುಗಿಸುವುದು. ಬೆತ್ಲೆಹೇಮಿನಲ್ಲಿ ಡೀಸೆಲ್ ಇಂಜಿನ್ ಎಲ್ಲಿತ್ತು ಎಂದು ಅಜ್ಜ ಗೊಣಗಬಹುದು. ಮೊಮ್ಮಕ್ಕಳು ಅವರ ಕೈಗೇ ಕಂಟ್ರೋಲರ್ ಕೊಟ್ಟರೆ ಗೊಣಗಾಟ ನಿಂತೀತು. ಹಳಿಯಲ್ಲಿ ಹರಿಯುವುದು 12 ವೋಲ್ಟ್ ಡಿಸಿ. ಮಗು ಮುಟ್ಟಿದರೂ ಹೆದರಬೇಕಿಲ್ಲ. ಗೋಡೆಯ ಪ್ಲಗ್ಗಿನ ಕಡೆ ಮಾತ್ರ ನಿಗಾ ಇರಲಿ.

ನಮ್ಮ ಸೀಮೆಯ ಮಾಡೆಲ್‌ಗೆ ಸಾಮಾನು ಕಾಲಡಿಯಲ್ಲೇ ಇದೆ. ಬೀದರ್‌ನ ಜಂಬಿಟ್ಟಿಗೆ ಕಲ್ಲಿನ ಕೆಂಪು ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸೇರಿಸಿ ಅಂಟಿಸಿದರೆ ನೆಲ ಕಣ್ಮುಂದೆ ಬರುತ್ತದೆ. ಸಾಬೂನು ಬಿಟ್ಟರೆ ಅಂಟು ಪುಡಿಯೊಳಗೆ ಇಳಿಯದೆ ಮೇಲೇ ಗುಳ್ಳೆಯಾಗಿ ನಿಲ್ಲುತ್ತದೆ. ಭಾಲ್ಕಿ ಕಡೆಯ ನೆಲ ತೋರಿಸಲು ಹಲಗೆಯ ಅರ್ಧಕ್ಕೆ ಎರೆಮಣ್ಣು ಹಾಕಿ. (ಬೀದರ್ ಕೋಟೆಯ ಮಣ್ಣಿಗೆ ಕೈ ಹಾಕಬೇಡಿ, ಅದು ಬಿದ್ರಿ ಪಾತ್ರೆ ಮಾಡುವ ಕಸುಬಿನವರಿಗೆ ಬೇಕಾದದ್ದು.) ಹಳಿಯ ಮೇಲೆ ಕೂತ ಜಂಬಿಟ್ಟಿಗೆಯ ಕೆಂಧೂಳು ಕರೆಂಟು ತಡೆದು ಇಂಜಿನ್ ಮುಗ್ಗರಿಸುವಂತೆ ಮಾಡುತ್ತದೆ. ಓಡಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಲೇಬೇಕು.

ಯಾವ ಮಾರ್ಗ ಕಟ್ಟುವುದು? ನಿಜಾಮರ ಕಾಲದ ವಿಕಾರಾಬಾದ್–ಪರಳಿ ಹಳಿ ಬೀದರ್, ಹಲಬರ್ಗಾ, ಭಾಲ್ಕಿ, ಕಮಲನಗರ ದಾಟಿ ಉದ್ಗೀರಕ್ಕೆ ಹೋಗುತ್ತದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗ ಸುಮಾರು 110 ಕಿಲೋಮೀಟರ್; ಎಚ್‌ಒ ಅಳತೆಗೆ ಇಳಿಸಿದರೂ ಒಂದೂಕಾಲು ಕಿಲೋಮೀಟರ್ ಹಳಿ ಬೇಕು. ಆದ್ದರಿಂದ ಒಂದೇ ಸ್ಟೇಷನ್ ಆರಿಸಿಕೊಳ್ಳಿ. ಭಾಲ್ಕಿ ಇರಲಿ: ಒಂದು ಪ್ಲಾಟ್‌ಫಾರ್ಮ್, ಒಂದು ಬೇವಿನ ಮರ, ಕನ್ನಡ, ಹಿಂದಿ, ಇಂಗ್ಲಿಷಿನ ಹಳದಿ ಫಲಕ.

ನಮ್ಮ ಸೀಮೆಯದೇ ಆದ ಔರಾದ್ ಪಟ್ಟಣಕ್ಕೆ ಇನ್ನೂ ರೈಲಿಲ್ಲ. ಬೀದರ್‌ನಿಂದ ಆ ಊರ ಮೇಲೆ ನಾಂದೇಡ್‌ಗೆ ಹೋಗುವ ಮಾರ್ಗದ ಮಾತು ಬಹಳ ವರ್ಷದ್ದು. ಹಬ್ಬಕ್ಕೆ ಔರಾದ್‌ನಿಂದ ಬಂದ ತಂಗಿ ಮಕ್ಕಳು “ಮಾಮಾ, ನಮ್ಮೂರಿಗೂ ಹಳಿ ಹಾಕ್ರಿ” ಎಂದರೆ ಹಲಗೆಯ ಅಂಚಿನಲ್ಲಿ ಒಂದು ಪಾಯಿಂಟ್ ಕೂಡಿಸಿ ಕವಲು ಹಳಿ ಬಿಡುವುದು ಒಂದು ಮಧ್ಯಾಹ್ನದ ಕೆಲಸ.

ಪುಟ್ಟ ರೈಲುಗಳನ್ನು ದೊಡ್ಡ ಪ್ರಮಾಣದಲ್ಲಿ ನೋಡುವ ಆಸೆಯಿದ್ದವರಿಗೆ ಪುಣೆಯ ಕೋಥ್ರೂಡ್‌ನಲ್ಲಿ ಭಾವೂ ಜೋಶಿಯವರು ಕಟ್ಟಿದ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, 1998ರಿಂದ. ಬೀದರ್–ಮುಂಬೈ ಗಾಡಿ ಪುಣೆಯ ಮೇಲೆಯೇ ಹೋಗುತ್ತದೆ. ಹೊಸ ವರ್ಷದ ರಜೆಯಲ್ಲಿ ಮನೆಮಂದಿಯನ್ನೂ ಕರೆದುಕೊಂಡು ಹೋಗಿ, ಟಿಕೆಟ್ ಮಾತ್ರ ಮೊದಲೇ ಮಾಡಿಸಿ.