ಹೊರಬಿದ್ದ ಕೀಲಿಕೈ

ನರಗುಂದದ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಕೋಟೆಯ ಪತನವೆಂದೊಡನೆ ನೆನಪಾಗುವುದು ಒಂದೇ ಪ್ರಸಂಗ. 1858ರ ಮೇ 29ರ ರಾತ್ರಿ ಸುರೇಬಾನದ ಬಿಡಾರದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನು ಹತನಾದನು; ಜೂನ್ 1ಕ್ಕೆ ಕರ್ನಲ್ ಮಾಲ್ಕಮನ ದಂಡು ಊರಿನ ಮುಂದೆ ಬಂದು ನಿಂತಿತು; ಮರುದಿನವೇ ಕೋಟೆ ಕೈಬಿಟ್ಟಿತು; ಜೂನ್ 12ರಂದು ನರಗುಂದದ ಅರಸ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಎಲ್ಲವೂ ಎರಡೇ ವಾರಗಳ ಕಥೆ. ಅಷ್ಟೆತ್ತರದ ಗುಡ್ಡ, ಅಷ್ಟು ದುರ್ಗಮವಾದ ಕಲ್ಲುಕೋಟೆ, ಹಗಲು ಕಳೆದು ಹಗಲಾಗುವಷ್ಟರಲ್ಲಿ ಬಿದ್ದುದು ಹೇಗೆಂದು ಕೇಳಿದರೆ, ಒಳಗಿನವರೇ ದ್ರೋಹ ಬಗೆದು ಮದ್ದನ್ನು ಕೆಡಿಸಿದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಐತಿಹ್ಯದ ಸತ್ಯಾಸತ್ಯತೆಯ ವಿವೇಚನೆ ಇತಿಹಾಸಕಾರರಿಗೆ ಸೇರಿದುದು. ಆದರೆ ಅದು ನಮ್ಮೂರವರ ಮನಸ್ಸಿಗೆ ಒಂದು ರೂಢಿಯನ್ನು ಕಲಿಸಿಬಿಟ್ಟಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ: ಏನೇ ಸೋರಲಿ, ನಾವು ಮೊದಲು ಹುಡುಕುವುದು ಸೋರಿಕೆಯ ಬಾಯನ್ನಲ್ಲ, ಸೋರಿಸಿದವನನ್ನು.

ಕಳೆದ ಮುಂಗಾರಿನಲ್ಲಿ, ಹೆಸರುಕಾಳಿನ ಆವಕ ಶುರುವಾದ ದಿನಗಳಲ್ಲಿ, ಈ ರೂಢಿಯನ್ನು ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ ಕಣ್ಣಾರೆ ಕಂಡೆನು. ನನ್ನ ಸೋದರಳಿಯನು ನಾಲ್ಕಾರು ಅಡತಿ ಅಂಗಡಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಟ್ಟು ಜೀವನ ಸಾಗಿಸುವವನು. ರೈತನು ತಂದ ಚೀಲ, ತೂಕ, ಹಮಾಲಿ, ಉಳಿದ ಬಾಕಿ ಇವೆಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ದೂರದ ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಸರ್ವರುಗಳಲ್ಲಿ ಇರುತ್ತವೆ. ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಮೋಡವೆಂಬ ಆ ಹೆಸರು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ನಮ್ಮ ಎರೆನಾಡಿನವರಿಗೆ ಹಗೇವು ಎಂದರೆ ತಟ್ಟನೆ ತಿಳಿಯುತ್ತದೆ. ನೆಲದೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದುಬಿಟ್ಟರೆ ಮಾಲು ಎಲ್ಲಿದೆಯೆಂಬುದು ಕಣ್ಣಿಗೆ ಕಾಣದು, ಬಾಯಿ ತೆಗೆಯಬಲ್ಲವನಿಗೆ ಮಾತ್ರ ಗೊತ್ತು. ಆದರೆ ಈ ಹೊಸ ಹಗೇವಿನ ನೆಲ ಪರರದು, ಬಾಯಿಯೂ ಕಲ್ಲಿನದಲ್ಲ, ಅಕ್ಷರಗಳದು.

ಆ ಸಂಜೆ ನಾನು ಹೋದಾಗ ಅಳಿಯನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೊರಗಿ ಕುಳಿತಿದ್ದನು. ಪಕ್ಕದಲ್ಲಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. “ಮಾಮಾ, ಕೀಲಿಕೈ ಹೊರಗ ಬಿದ್ದೈತಿ,” ಎಂದನು. ಭಾವನವರು ಒಳಗಿನಿಂದಲೇ ಗುಡುಗಿದರು: “ಯಾರ ಕೊಟ್ರು ಅದನ್ನ? ಆ ಕೆಲಸಕ್ಕ ಬರತಿದ್ದ ಹುಡುಗಂದs ಇರಬೇಕು ಇದು!”

ಯಾರೂ ಕೊಟ್ಟಿರಲಿಲ್ಲ. ನಾಲ್ಕು ದಿನಗಳ ಹಿಂದೆ, ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ ಅಳಿಯನೇ ಆ ಕೀಲಿಕೈಯನ್ನು ಪ್ರೋಗ್ರಾಮಿನ ನಡುವೆ ಬರೆದಿಟ್ಟು, ಆ ಪ್ರೋಗ್ರಾಮನ್ನು ಗಿಟ್‌ಹಬ್ ಎಂಬ ಸಾರ್ವಜನಿಕ ಭಂಡಾರಕ್ಕೆ ಏರಿಸಿದ್ದನು.

ಅಮೆಜಾನಿನ ಕ್ಲೌಡಿನಲ್ಲಿ ಈ ಕೀಲಿಕೈಗೆ ಎರಡು ಭಾಗಗಳಿವೆ. ಮೊದಲನೆಯದು ಇಪ್ಪತ್ತು ಅಕ್ಷರಗಳ ಹೆಸರು, ಅದು ಎ-ಕೆ-ಐ-ಎ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಎರಡನೆಯದು ನಲವತ್ತು ಅಕ್ಷರಗಳ ಗುಟ್ಟು. ಇದನ್ನು ಬಳಸುವವನು ಮನುಷ್ಯನಲ್ಲ, ಯಂತ್ರ. ಆದಕಾರಣ ಬ್ಯಾಂಕಿನವರು ಮೊಬೈಲಿಗೆ ಓಟಿಪಿ ಕಳಿಸಿ ಕೇಳುವಂತೆ ಇಲ್ಲಿ ಸಾಮಾನ್ಯವಾಗಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಕೀಲಿಕೈ ಯಾರ ಕೈಯಲ್ಲಿದೆಯೋ ಅವನೇ ಯಜಮಾನ.

ಅಳಿಯನು ಮಾಡಿದ ಮೊದಲ ಕೆಲಸವು ಆ ಸಾಲನ್ನು ಅಳಿಸಿಹಾಕಿದುದು. ಎಲ್ಲರೂ ಮೊದಲು ಮಾಡುವುದು ಇದನ್ನೇ, ಮತ್ತು ಇದರಿಂದ ಆಗುವ ಪ್ರಯೋಜನ ಅತ್ಯಲ್ಪ. ಏಕೆಂದರೆ ಗಿಟ್ ಎಂಬುದು ಅಡತಿ ಅಂಗಡಿಯ ಕಿರ್ದಿಯಂತೆ: ಒಂದು ಬಾಬನ್ನು ಹೊಡೆದುಹಾಕಿ ಹೊಸದನ್ನು ಬರೆಯಬಹುದು, ಆದರೆ ಹೊಡೆದುಹಾಕಿದ್ದು ಹಿಂದಿನ ಪುಟದಲ್ಲಿ ಸ್ಫುಟವಾಗಿಯೇ ಉಳಿದಿರುತ್ತದೆ. ಅದೂ ಅಲ್ಲದೆ, ಆ ನಾಲ್ಕಕ್ಷರಗಳನ್ನೇ ಅರಸುತ್ತ ಹಗಲಿರುಳು ಜಾಲಾಡುವ ಪ್ರೋಗ್ರಾಮುಗಳಿವೆ. ಹೊರಬಿದ್ದ ಕೀಲಿಕೈಯನ್ನು ಅವು ಕೆಲವೇ ನಿಮಿಷಗಳಲ್ಲಿ ಹೆಕ್ಕಿಕೊಂಡು ಪ್ರಯೋಗಿಸಿ ನೋಡುತ್ತವೆ. ಅಮೆಜಾನಿನವರೂ ಅದೇ ರೀತಿ ಅರಸುತ್ತಿರುತ್ತಾರೆ. ಕಂಡರೆ ಯಜಮಾನನಿಗೆ ಈ-ಮೇಲ್ ಕಳಿಸಿ, ಆ ಕೀಲಿಕೈಯಿಂದ ಕೆಲವು ಅನರ್ಥಕರ ಕೆಲಸಗಳು ನಡೆಯದಂತೆ ಕಟ್ಟುಹಾಕುತ್ತಾರೆ. ಅಳಿಯನಿಗೂ ಆ ಪತ್ರ ಬಂದಿತ್ತು, ಜಾಹೀರಾತಿರಬೇಕೆಂದು ತೆರೆದಿರಲಿಲ್ಲ.

ಕಳೆದ ಕೀಲಿಕೈಯನ್ನು ಹುಡುಕಿ ತಂದರೂ ಅದರ ನಕಲು ಮಾಡಿಸಿಕೊಂಡವನ ಕೈ ಬರಿದಾಗುವುದಿಲ್ಲವಷ್ಟೆ. ಆದುದರಿಂದ ಮಾಡಬೇಕಾದುದು ಕೀಲಿಕೈಯನ್ನು ಮರೆಮಾಡುವುದಲ್ಲ, ಅದು ಯಾವ ಬಾಗಿಲನ್ನೂ ತೆರೆಯದಂತೆ ಮಾಡುವುದು. ಕಂಪನಿಯ ಪರದೆಯಲ್ಲಿ ಒಂದು ಗುಂಡಿ ಒತ್ತಿದರೆ ಅದು ನಿಷ್ಕ್ರಿಯವಾಗುತ್ತದೆ. ಅಳಿಯನ ಬೆರಳು ಆ ಗುಂಡಿಯ ಮೇಲೆ ಎಷ್ಟೋ ಹೊತ್ತು ತಡೆದು ನಿಂತಿತು. “ಒತ್ತಿದ್ರ ಅಂಗಡ್ಯಾಗ ಲೆಕ್ಕ ನಿಂತs ಹೋಗತಾವ ಮಾಮಾ.” ಆ ಅಂಜಿಕೆ ನಿರಾಧಾರವಲ್ಲ. ನೆಮ್ಮದಿಯ ಕಾಲದಲ್ಲಾದರೆ ಹೊಸ ಕೀಲಿಕೈ ಮಾಡಿ, ಪ್ರೋಗ್ರಾಮಿಗೆ ಅದನ್ನು ಒಪ್ಪಿಸಿ, ಎಲ್ಲವೂ ಸರಿಯಾಗಿ ನಡೆಯುವುದನ್ನು ಕಂಡಮೇಲೆ ಹಳೆಯದನ್ನು ಮುಚ್ಚುವುದು ಕ್ರಮ. ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ ಎರಡು ಕೀಲಿಕೈಗಳನ್ನು ಇಟ್ಟುಕೊಳ್ಳುವ ಅವಕಾಶವಿರುವುದು ಇದಕ್ಕಾಗಿಯೇ. ಕಳ್ಳನು ಒಳಗಿರುವಾಗ ಆ ಸಾವಧಾನವು ಶೋಭಿಸದು. ಅಡತಿಯವರು ಒಂದು ತಾಸು ಹಳೆಯ ಕೆಂಪು ಚೋಪಡಿಯಲ್ಲಿ ಬರೆದುಕೊಳ್ಳಲಿ ಎಂದೆನು. ಒತ್ತಿದನು.

ಇಷ್ಟಕ್ಕೆ ಮುಗಿಯಿತೆಂದು ಭಾವಿಸಿದ್ದು ನನ್ನ ಅಜ್ಞಾನ. ಯಾವ ಕೀಲಿಕೈಯಿಂದ, ಯಾವ ಗಳಿಗೆಯಲ್ಲಿ, ಎಲ್ಲಿಂದ, ಯಾರು ಏನು ಮಾಡಿದರೆಂಬುದನ್ನು ಅಮೆಜಾನಿನವರು ಕ್ಲೌಡ್‌ಟ್ರೇಲ್ ಎಂಬ ದಾಖಲೆಯಲ್ಲಿ ಬರೆದಿಡುತ್ತಾರೆ. ತೊಂಬತ್ತು ದಿನಗಳ ಹಿಂದಿನವರೆಗಿನದು ಕೇಳಿದೊಡನೆ ಸಿಗುತ್ತದೆ. ಅದನ್ನು ತೆರೆದು ನೋಡಿದಾಗ, ತನ್ನ ಲೆಕ್ಕಗಳನ್ನೆಲ್ಲ ಮುಂಬಯಿಯ ಕೇಂದ್ರದಲ್ಲಿಯೇ ಇಟ್ಟಿದ್ದ ಅಳಿಯನ ಹೆಸರಿನಲ್ಲಿ, ಅವನು ಕನಸಿನಲ್ಲಿಯೂ ಕಾಲಿಡದ ಎರಡು ವಿದೇಶೀ ಕೇಂದ್ರಗಳಲ್ಲಿ ದೊಡ್ಡ ದೊಡ್ಡ ಯಂತ್ರಗಳು ಕ್ರಿಪ್ಟೋ ನಾಣ್ಯವನ್ನು ಹುಟ್ಟಿಸುತ್ತ ಓಡುತ್ತಿದ್ದವು. ನಾಣ್ಯ ಕಳ್ಳನದು, ಬಾಡಿಗೆ ಅಳಿಯನದು. ಅದಕ್ಕಿಂತ ಭೀಕರವಾದುದು ಕೆಳಗಿನ ಸಾಲಿನಲ್ಲಿತ್ತು: ‘ಬ್ಯಾಕಪ್’ ಎಂಬ ನಿರುಪದ್ರವಿ ಹೆಸರಿನ ಹೊಸ ಬಳಕೆದಾರ, ಅವನಿಗೊಂದು ಪ್ರತ್ಯೇಕ ಕೀಲಿಕೈ. ಅಗಸಿಯನ್ನು ಮುಚ್ಚಿದ್ದೆವು, ದಿಡ್ಡಿ ಬಾಗಿಲು ತೆರೆದೇ ಇತ್ತು.

ಈ ದಿಡ್ಡಿ ಬಾಗಿಲಿಗೆ ಬಲಿಯಾದ ಸಂಸ್ಥೆಯೊಂದರ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಅನ್ಯರ ಪ್ರೋಗ್ರಾಮುಗಳನ್ನು ಕಾಪಾಡಿ ಕೊಡುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡಿನ ಅಧಿಕಾರವು 2014ರ ಜೂನ್ ತಿಂಗಳಲ್ಲಿ ಒಬ್ಬ ಸುಲಿಗೆಗಾರನ ಕೈಸೇರಿತು. ಕಂಪನಿಯವರು ಗಡಿಬಿಡಿಯಿಂದ ಪಾಸ್‌ವರ್ಡುಗಳನ್ನು ಬದಲಾಯಿಸಿದರು. ಅವನಾದರೋ ಮೊದಲೇ ಬೇರೆ ಬೇರೆ ಹೆಸರುಗಳಲ್ಲಿ ಪ್ರವೇಶಗಳನ್ನು ಮಾಡಿಟ್ಟುಕೊಂಡಿದ್ದನು. ತನ್ನನ್ನು ಹೊರಹಾಕುತ್ತಿದ್ದಾರೆಂದು ಅರಿತೊಡನೆ ದತ್ತಾಂಶವನ್ನೂ ಅದರ ಪ್ರತಿಗಳನ್ನೂ ಒಂದೊಂದಾಗಿ ಅಳಿಸತೊಡಗಿದನು. ಪ್ರತಿಗಳೂ ಅದೇ ಹಗೇವಿನಲ್ಲಿದ್ದವು. ಹನ್ನೆರಡು ತಾಸುಗಳಲ್ಲಿ ಬಹುಪಾಲು ನಾಶವಾಗಿ, ಕಂಪನಿ ಬಾಗಿಲು ಮುಚ್ಚಿತು. ಆದಕಾರಣ ಹೊಸ ಬಳಕೆದಾರರನ್ನೂ, ಹೊಸ ಕೀಲಿಕೈಗಳನ್ನೂ, ಮೂಲ ಕೀಲಿಕೈಯಿಂದ ಹುಟ್ಟಿದ ತಾತ್ಕಾಲಿಕ ಕೀಲಿಕೈಗಳನ್ನೂ ಎಲ್ಲ ಕೇಂದ್ರಗಳಲ್ಲಿ ಜಾಲಿಸಿ ತೆಗೆಯಬೇಕು. ತಾತ್ಕಾಲಿಕವಾದವು ಮೂಲವು ಸತ್ತಮೇಲೂ ಕೆಲವು ತಾಸು ಬದುಕಿರಬಲ್ಲವು. ಅಳಿಯನಿಗೆ ಇದಕ್ಕೆಲ್ಲ ಬೆಳಗಿನ ನಾಲ್ಕು ಗಂಟೆಯಾಯಿತು. ಅಷ್ಟರಲ್ಲಿ ಭಾವನವರು ಆ ಕೆಲಸದ ಹುಡುಗನ ಮೇಲಿನ ಅನುಮಾನವನ್ನು ಮೂರು ಸಲ ಮಂಡಿಸಿದ್ದರು.

ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ನಡೆದ ಘಟನೆಯೊಂದು ಭಾವನವರಿಗೆ ನಾನು ಕೊಟ್ಟ ಉತ್ತರವಾಯಿತು. ಬೆಂಗಳೂರಿನ ಜಸ್‌ಪೇ ಎಂಬ ಪಾವತಿ ಸಂಸ್ಥೆಯ ಸರ್ವರಿಗೆ 2020ರ ಆಗಸ್ಟ್ 18ರಂದು ಅನಾಮಿಕರು ನುಗ್ಗಿದರು. ದತ್ತಾಂಶದ ಭಂಡಾರದ ಬಳಕೆ ಹಠಾತ್ತನೆ ಏರಿದುದನ್ನು ಕಂಡು ಎಚ್ಚರಿಕೆಯ ಗಂಟೆ ಬಾರಿಸಿತು. ಅಂದೇ ಅವರನ್ನು ತಡೆದು, ಬಾಗಿಲು ಮುಚ್ಚಿ, ವ್ಯಾಪಾರಿಗಳಿಗೂ ತಿಳಿಸಿದೆವೆಂದು ಸಂಸ್ಥೆ ಹೇಳಿತು. ಆದರೂ ನಡುವಿನ ಅಂಕೆಗಳನ್ನು ಮರೆಸಿದ ಸುಮಾರು 3.5 ಕೋಟಿ ಕಾರ್ಡುಗಳ ದಾಖಲೆಗಳು ಹೊರಹೋಗಿದ್ದವು. ಸಾರ್ವಜನಿಕರಿಗೆ ವಿಷಯ ಗೊತ್ತಾದುದು 2021ರ ಜನವರಿಯಲ್ಲಿ. ಆ ಸೋರಿಕೆಗೆ ಕಾರಣ ಯಾವ ದ್ರೋಹಿಯೂ ಅಲ್ಲ, ಬದಲಿಸದೆ ಉಳಿದಿದ್ದ ಒಂದು ಹಳೆಯ ಆಕ್ಸೆಸ್ ಕೀ. ಬಂದೂಕಿನ ಮದ್ದನ್ನು ಕೆಡಿಸುವುದಕ್ಕೆ ದ್ವೇಷವಾದರೂ ಬೇಕು. ಇಲ್ಲಿ ಮರೆವೊಂದೇ ಸಾಕಾಯಿತು. ತಾನೇ ಕೆಲವು ತಾಸಿನಲ್ಲಿ ಸತ್ತುಹೋಗುವ ಕೀಲಿಕೈಗಳನ್ನು ಕೊಡುವ ವ್ಯವಸ್ಥೆ ಇರುವಾಗ ವರ್ಷಗಟ್ಟಲೆ ಬಾಳುವವನ್ನು ಜನರು ಇನ್ನೂ ಏಕೆ ಇಟ್ಟುಕೊಳ್ಳುತ್ತಾರೆಂದು ಅಳಿಯನನ್ನು ಕೇಳಿದೆನು. ನಕ್ಕು, “ಆಳಸಾ,” ಎಂದನು.

ಇನ್ನು ಉಳಿದುದು ಹೇಳಿಕೊಳ್ಳುವ ಕಷ್ಟ. ಊಬರ್ ಕಂಪನಿಯವರು 2016ರಲ್ಲಿ ಇಂಥದೇ ಸೋರಿಕೆಯಿಂದ 5.7 ಕೋಟಿ ಜನರ ವಿವರಗಳನ್ನು ಕಳೆದುಕೊಂಡಾಗ, ನುಗ್ಗಿದವರಿಗೆ ಒಂದು ಲಕ್ಷ ಡಾಲರು ಕೊಟ್ಟು ವರ್ಷಕ್ಕೂ ಮಿಕ್ಕಿ ವಿಷಯವನ್ನು ಮುಚ್ಚಿಟ್ಟರು; ಬಯಲಾದಮೇಲೆ 2018ರಲ್ಲಿ ಅಮೆರಿಕದ ರಾಜ್ಯಗಳಿಗೆ 14.8 ಕೋಟಿ ಡಾಲರು ತೆರಬೇಕಾಯಿತು. ನಮ್ಮ ದೇಶದಲ್ಲಿ ಇಂತಹ ಘಟನೆ ಗಮನಕ್ಕೆ ಬಂದ ಆರು ತಾಸಿನೊಳಗಾಗಿ ಸರ್ಟ್-ಇನ್ ಎಂಬ ಕೇಂದ್ರೀಯ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶವು ವಿಧಿಸಿದೆ. ಸರಕಾರಕ್ಕೆ ಈ-ಮೇಲ್ ಬರೆಯುವುದು ಅಳಿಯನಿಗೆ ಅಷ್ಟೇನೂ ಕಠಿಣವಾಗಲಿಲ್ಲ. ಎಪಿಎಂಸಿಯ ಹಿರಿಯ ಅಡತಿಯವರ ಮುಂದೆ ನಿಂತು ಬಾಯಿಬಿಡುವುದಿದೆಯಲ್ಲ, ಅದಕ್ಕೆ ನನ್ನನ್ನು ಜೊತೆಗೆ ಕರೆದೊಯ್ದನು.

ಅವರು ಗಾದಿಯ ಮೇಲೆ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಬಳಿಕ ಅಂದರು: “ಹ್ವಾದ ವರ್ಷ ನಮ್ಮ ಗೋದಾಮಿನ ಕೀಲಿಕೈ ಸಂತ್ಯಾಗ ಬಿದ್ದಿತ್ತು. ಕೀಲಿನs ಬದಲಿ ಮಾಡಿಸಿದ್ವಿ. ನೀ ಮಾಡಿಸಿದಿ?”

“ಮಾಡೇನ್ರಿ, ಅಜ್ಜಾರ. ಒಳಗ ಯಾರರೆ ಕುಂತಾರೇನಂತನೂ ನೋಡೇನ್ರಿ.”

“ಹಂಗಾರ ಆ ಶಿರೋಳದ ಗೌಡರ ಬಾಕಿ ಎಷ್ಟೈತಿ, ತಗದ ತೋರಸು.”