ಅಟ್ಟದ ಟ್ರಂಕಿಗೊಂದು ಲೆಕ್ಕ ಪುಸ್ತಕ

ಮಂಗಳೂರಿನ ಹಳೆ ಮನೆ ಮಾರುವುದೆಂದು ನಿಶ್ಚಯವಾದ ದಿನ ಅತ್ತೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಟ್ಟದ ಟ್ರಂಕು ಎಂತ ಮಾಡುವುದು ಮಗಾ? ಗುಜರಿಯವ ನಾಳೆ ಬರ್ತಾನಂತೆ." ನಾವು ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ವರ್ಷಾಂತ್ಯದ ಲೆಕ್ಕಪತ್ರಗಳ ನಡುವೆ ಮುಳುಗಿದ್ದೆವು. "ಯಾರೂ ಮುಟ್ಟಬೇಡಿ ಅತ್ತೆ, ಎರಡು ವಾರದಲ್ಲಿ ಬರ್ತೇವೆ" ಎಂದೆವು. ಟಿಕೆಟಿಗೆ ಕೊಟ್ಟ ಹಣ ನೋಡಿ ತಮ್ಮ ನಕ್ಕ. ಕಾಗದ ತರಲು ವಿಮಾನ ಹತ್ತಿದವರು ನೀವೇ ಮೊದಲು ಎಂದ.

ಟ್ರಂಕಿನಲ್ಲಿ ಮೂರು ತಲೆಮಾರು ಇತ್ತು. ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಮುತ್ತಜ್ಜನ ಕಾಗದಗಳು ಅಡಿಯಲ್ಲಿ. ಅದರ ಮೇಲೆ ಅಜ್ಜ ಸಭೆಯ ಕಾರ್ಯದರ್ಶಿಯಾಗಿದ್ದಾಗ ಸಭಾಪಾಲಕರಿಗೂ ಬೇರೆ ಊರಿನ ಸಭೆಗಳ ಹಿರಿಯರಿಗೂ ಬರೆದ ಪತ್ರಗಳ ನಕಲು. ಎಲ್ಲಕ್ಕಿಂತ ಮೇಲೆ, 1979ರಿಂದ ಅಪ್ಪ ಬಹ್ರೇನಿನಿಂದ ಅಮ್ಮನಿಗೆ ಬರೆದ ನೀಲಿ ಏರೋಗ್ರಾಮ್‌ಗಳು. ಎಣಿಸಿದಾಗ 412. ಅದರಲ್ಲಿ 37 ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಒಂದು ಮೂಲೆಯನ್ನು ಗೆದ್ದಲು ಮುಗಿಸಿತ್ತು.

ನಮಗಾದ ದೊಡ್ಡ ನಷ್ಟಕ್ಕೆ ಗೆದ್ದಲು ಕಾರಣವಲ್ಲ, ನಾವೇ ಕಾರಣ. ಚಿಕ್ಕವರಿದ್ದಾಗ ಸ್ಟ್ಯಾಂಪ್ ಸಂಗ್ರಹದ ಹುಚ್ಚಿನಲ್ಲಿ ಲಕೋಟೆಗಳ ಮೂಲೆಯನ್ನೆಲ್ಲ ಕತ್ತರಿಸಿದ್ದೆವು. ಸ್ಟ್ಯಾಂಪಿನ ಜೊತೆ ಅಂಚೆಮುದ್ರೆಯ ತಾರೀಕೂ ಹೋಯಿತು. ಅಜ್ಜ ಬಹಳ ಪತ್ರಗಳಲ್ಲಿ "ಮಂಗಳವಾರ" ಎಂದಷ್ಟೇ ಬರೆದಿದ್ದರು. ಯಾವ ವರ್ಷದ ಮಂಗಳವಾರ?

ಇದರ ಬೆನ್ನುಹತ್ತಿ ನಾವು ಬಾಸೆಲ್‌ಗೆ ಹೋದೆವು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. 1834ರಲ್ಲಿ ಮಂಗಳೂರಿಗೆ ಮೂವರನ್ನು ಕಳಿಸಿದ ಬಾಸೆಲ್ ಮಿಷನ್ ಆ ಊರಿನದೇ. ಅದರ ದಾಖಲೆಗಳು ಇಂದು ಮಿಷನ್ 21 ಸಂಸ್ಥೆಯ ಆರ್ಕೈವ್‌ನಲ್ಲಿವೆ. ನಮ್ಮೂರಿಗೆ ಬಂದವರು ಬಾಸೆಲ್‌ನ ಕಮಿಟಿಗೆ ನಿಯಮಿತವಾಗಿ ವರದಿ ಬರೆಯಲೇಬೇಕಿತ್ತು. ಬಂದ ಕಾಗದವನ್ನು ಅಲ್ಲಿ ಎಸೆಯಲಿಲ್ಲ. ವರ್ಷ, ಊರು, ಕ್ರಮಸಂಖ್ಯೆ ಹಾಕಿ ಕಟ್ಟು ಕಟ್ಟಿದರು. ಭಾರತದ ಕಟ್ಟುಗಳಿಗೆ "ಸಿ-1" ಎಂಬ ಗುರುತು. ಮಂಗಳೂರು, ಧಾರವಾಡ, ಹುಬ್ಬಳ್ಳಿ ಎಂದು ಊರುಗಳ ಹೆಸರು ನೋಡಿದಾಗ ಹೊರನಾಡಿನ ಚಳಿಯಲ್ಲೂ ಮೈ ಬೆಚ್ಚಗಾಯಿತು. 1843ರಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದ ಮೋಗ್ಲಿಂಗ್, 1894ರ ನಿಘಂಟಿನ ಕಿಟೆಲ್ ಇಬ್ಬರೂ ಈ ವ್ಯವಸ್ಥೆಯೊಳಗೆ ಕಾಗದ ಬರೆದವರೇ.

ಲೆಕ್ಕಪರಿಶೋಧಕರ ಕಣ್ಣಿಗೆ ಇದು ವೋಚರ್ ಫೈಲ್. ಯಾವ ಕಾಗದ ಯಾವುದರ ಹಿಂದೆ ಬಂತು ಎಂಬುದೇ ಅರ್ಧ ಕತೆ ಹೇಳುತ್ತದೆ. ಆದ್ದರಿಂದ ಆರ್ಕೈವ್‌ನವರು ಬಂದ ಕ್ರಮವನ್ನು ಕೆಡಿಸುವುದಿಲ್ಲ. ನಾವೋ ಟ್ರಂಕು ತೆರೆದ ಮೊದಲ ದಿನವೇ "ಚೆಂದ ಮಾಡೋಣ" ಎಂದು ಅಪ್ಪನ ಕಾಗದಗಳನ್ನು ಬೇರೆ, ಅಮ್ಮನ ಕಾಗದಗಳನ್ನು ಬೇರೆ ಮಾಡಿ ಇಟ್ಟಿದ್ದೆವು. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಮತ್ತೆ ಜೋಡಿಸಲು ಒಂದು ವಾರ ಹಿಡಿಯಿತು.

ಬಾಸೆಲ್‌ನ ಹಳೆಯ ಪತ್ರಗಳನ್ನು ಓದಲು ಮಾತ್ರ ನಮ್ಮಿಂದಾಗಲಿಲ್ಲ. ಅವು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜಿಗೂ ಅಲ್ಲೊಂದು ಇಲ್ಲೊಂದು ಶಬ್ದವಷ್ಟೇ ತಿಳಿಯಿತು. ನಾಳೆ ನಮ್ಮ ಮಕ್ಕಳ ಮುಂದೆ ಅಜ್ಜನ ಮೋಡಿ ಅಕ್ಷರದಂಥ ಕನ್ನಡ ಇಟ್ಟರೆ ಅವರ ಪಾಡೂ ಇದೇ ಆದೀತು.

ಮುತ್ತಜ್ಜನ ಹೆಸರು ಸಿಕ್ಕಿತೇ ಎಂದು ಎಲ್ಲರೂ ಕೇಳುತ್ತಾರೆ. ನಾವು ನೋಡಿದ ಪಟ್ಟಿಗಳಲ್ಲಿ ಸಿಗಲಿಲ್ಲ. ಸೂಚಿಯಲ್ಲಿ ಮೊದಲು ಕಾಣುವುದು ಬರೆದವರ ಹೆಸರು. ಬರೆದವರು ಹೆಚ್ಚಾಗಿ ಅಲ್ಲಿಂದ ಬಂದವರು. ಹರ್ಮನ್ ಆನಂದರಾವ್ ಕೌಂಡಿನ್ಯರಂತೆ ಬಾಸೆಲ್‌ನಲ್ಲೇ ಓದಿ 1851ರಲ್ಲಿ ದೀಕ್ಷೆ ಪಡೆದವರ ಹೆಸರು ಉಳಿಯಿತು. ಹೆಂಚು ಎಣಿಸಿದ ಗುಮಾಸ್ತನ ಹೆಸರು ಯಾವ ಸೂಚಿಗೂ ಏರಲಿಲ್ಲ. ಬಾಸೆಲ್‌ನ ಕಪಾಟಿನಲ್ಲಿ ಇರುವುದು ಅರ್ಧ ಸಂಭಾಷಣೆ. ಇನ್ನರ್ಧ ಇದ್ದರೆ ನಮ್ಮಂಥವರ ಅಟ್ಟದಲ್ಲಿದೆ, ಅದೂ ಗುಜರಿಯವನು ಬರುವ ತನಕ. ಒಂದು ಸಭೆಯಲ್ಲಿ ಸುಣ್ಣ ಬಳಿಯುವಾಗ ಎರಡು ಕಪಾಟು ಹಳೆ ಕಾಗದ ಸುಟ್ಟದ್ದನ್ನು ನಾವೇ ಕಂಡಿದ್ದೇವೆ. ದುರುದ್ದೇಶ ಯಾರಿಗೂ ಇರಲಿಲ್ಲ, ಜಾಗ ಬೇಕಿತ್ತು ಅಷ್ಟೆ.

ಊರಿನಲ್ಲಿರುವ ನಿಮ್ಮ ಮನೆಯಲ್ಲೂ ದುಬೈ, ಮಸ್ಕತ್‌ನಿಂದ ಬಂದ ಕಾಗದಗಳ ಕಟ್ಟು ಇದ್ದೀತು. ನಾವು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇವೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಮಾಡಿದರೆ ಬಿಡಿಸಲಾಗದು. ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ತೆಗೆಯಿರಿ. ನಂಬರು ಹಾಕುವುದಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮಾತ್ರ. ಅಂಟಿಕೊಂಡ ಕಾಗದವನ್ನು ಎಳೆದು ಬಿಡಿಸಬೇಡಿ, ತಿಳಿದವರ ಕೈಗೆ ಕೊಡಿ. ಮಳೆಗಾಲದಲ್ಲಿ ನೆಲಕ್ಕೂ ಗೋಡೆಗೂ ತಾಗದಂತೆ ಇಡಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ವರ್ಷ-ತಿಂಗಳು-ದಿನ ಎಂದು ಹೆಸರಿಡಿ, ತನ್ನಷ್ಟಕ್ಕೆ ಸಾಲಾಗಿ ನಿಲ್ಲುತ್ತದೆ. ನಾವು ಎಕ್ಸೆಲ್‌ನಲ್ಲಿ ಆರು ಕಾಲಂ ಮಾಡಿದೆವು: ಸಂಖ್ಯೆ, ತಾರೀಕು, ಯಾರಿಂದ, ಯಾರಿಗೆ, ಎಲ್ಲಿಂದ, ವಿಷಯ. ಆಮೇಲೆ ಏಳನೆಯದನ್ನೂ ಸೇರಿಸಿದೆವು: ಪತ್ರದಲ್ಲಿ ಬರುವ ಎಲ್ಲರ ಹೆಸರು. ಬಾಸೆಲ್‌ನಲ್ಲಿ ಮುತ್ತಜ್ಜನನ್ನು ಹುಡುಕಿ ಕಲಿತ ಪಾಠವದು.

ಮೂಲ ಕಾಗದಗಳನ್ನು ಎಲ್ಲಿಡುವುದು ಎಂಬುದರ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ದಾಖಲೆಗಳ ಸಂಗ್ರಹವಿದೆ. ಸಭೆಯ ಪತ್ರಗಳನ್ನು ಅಲ್ಲಿಗೆ ಕೊಡೋಣ ಎಂದು ನಾವು. ಅತ್ತೆ ಒಪ್ಪಲಿಲ್ಲ. ಮೂರು ದಿನ ಕಾರಣ ಹೇಳಲಿಲ್ಲ. ನಾಲ್ಕನೆಯ ದಿನ ಚಹಾ ಕುಡಿಯುತ್ತಾ, "ಅದರಲ್ಲಿ ನನ್ನ ಮದುವೆ ಮುರಿದದ್ದೂ ಉಂಟು" ಎಂದರು. ನಿಶ್ಚಿತಾರ್ಥದ ಬಳಿಕ ಹುಡುಗನ ಕಡೆಯವರು ಹಿಂದೆ ಸರಿದಾಗ ಅಜ್ಜ ಸಭಾಪಾಲಕರಿಗೆ ಬರೆದ ಐದು ಪತ್ರಗಳು. ನಾವು ಅದನ್ನು ಓದಿ, ಪಟ್ಟಿಗೂ ಸೇರಿಸಿದ್ದೆವು. ಒಂದು ಮಾತು ಅತ್ತೆಯನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಆ ಐದನ್ನು ಬೇರೆ ಕವರಿನಲ್ಲಿಟ್ಟು ಅಂಟಿಸಿದೆವು. ಇಂತಿಷ್ಟು ವರ್ಷ ತೆರೆಯಬಾರದು ಎಂಬ ಷರತ್ತಿನೊಡನೆ ಆರ್ಕೈವ್‌ಗೆ ಕಾಗದ ಕೊಡುವ ಪದ್ಧತಿ ಎಲ್ಲೆಡೆ ಇದೆ. ಅತ್ತೆ ಆ ಷರತ್ತನ್ನು ಕವರಿನ ಮೇಲೆ ಸ್ವತಃ ಪೆನ್ಸಿಲಿನಲ್ಲಿ ಬರೆದರು. ಪಟ್ಟಿಯಲ್ಲಿ ವಿಷಯದ ಕಾಲಂ ಖಾಲಿ ಬಿಟ್ಟೆವು. ಆಮೇಲೆ ಅವರೇ ಕನ್ನಡಕ ಹಾಕಿಕೊಂಡು ಕೂತು ಹಳೆ ಫೋಟೊಗಳನ್ನು ತಿರುಗಿಸಿ, ಇವರು ಯಾರು, ಅವರು ಯಾರು ಎಂದು ಹೆಸರು ಹೇಳತೊಡಗಿದರು. 64ಕ್ಕೆ ಹೆಸರು ಸಿಕ್ಕಿದೆ. ಉಳಿದದ್ದು ಕ್ರಿಸ್ಮಸ್ ರಜೆಗೆ. ಅಷ್ಟರೊಳಗೆ ತನಗೆ ನೆನಪಾದದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ ಎಂದಿದ್ದಾರೆ.