ದೊಡ್ಡ ಕರುಳಿನ ಕೀಹೋಲ್ ಶಸ್ತ್ರಚಿಕಿತ್ಸೆ: ಮನೆಯವರಿಗೆ ತಿಳಿದಿರಬೇಕಾದದ್ದು

ಮಲದ ಜೊತೆ ರಕ್ತ ಹೋಗುತ್ತಿದೆ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವ ಮಾತು ‘ಬವಾಸೀರ್’. ಹೆಚ್ಚಿನವರಿಗೆ ಅದೇ ಇರುತ್ತದೆ, ಅನುಮಾನವಿಲ್ಲ. ಆದರೆ ಯೂನಾನಿ ಚಿಕಿತ್ಸಾಲಯಕ್ಕೆ ಬವಾಸೀರ್ ಔಷಧಿ ಕೇಳಿಕೊಂಡು ಬರುವವರಲ್ಲಿ ಕೆಲವರ ಕಾಯಿಲೆ ಬೇರೆಯೇ ಆಗಿರುತ್ತದೆ. ದೊಡ್ಡ ಕರುಳಿನಲ್ಲೋ ಅದರ ಕೊನೆಯ ಭಾಗವಾದ ಗುದನಾಳದಲ್ಲೋ ಗಡ್ಡೆ ಬೆಳೆಯುತ್ತಿರುತ್ತದೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರಿನ ದೊಡ್ಡ ಪಾಲು ಗುದನಾಳದ್ದೇ. ಐವತ್ತು ದಾಟದವರಲ್ಲೂ ಇದು ಅಪರೂಪವಲ್ಲ.

ರಕ್ತ ಮಲದೊಳಗೆ ಬೆರೆತು ಬರುವುದು, ಮೂರು ವಾರಕ್ಕಿಂತ ಹೆಚ್ಚು ಕಾಲ ಮಲವಿಸರ್ಜನೆಯ ರೀತಿ ಬದಲಾಗಿರುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಹಿಮೋಗ್ಲೋಬಿನ್ ಕುಸಿಯುವುದು. ಇವುಗಳಲ್ಲಿ ಒಂದಿದ್ದರೂ ಇತ್ರಿಫಲ್ ಮುಕ್ಲ್ ಬರೆದುಕೊಟ್ಟು ಕಳಿಸುವುದು ಚಿಕಿತ್ಸೆಯಲ್ಲ. ಬೆರಳಿನ ಪರೀಕ್ಷೆ ಆಗಬೇಕು, ಕೊಲೊನೋಸ್ಕೋಪಿ ಆಗಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಲಕ್ಷಣ ಕಾಣುವ ತನಕ ಕಾಯುವಂತಿಲ್ಲ. ನಲವತ್ತನೇ ವಯಸ್ಸಿಗೆ, ಅಥವಾ ಅವರಿಗೆ ಕಾಯಿಲೆ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗ ಬರುತ್ತದೋ ಆಗ ಕೊಲೊನೋಸ್ಕೋಪಿ ಮಾಡಿಸುವುದು ರೂಢಿಯಲ್ಲಿರುವ ಸಲಹೆ.

ನಾಚಿಕೆಯ ಮಾತು ಇಲ್ಲೇ ಆಗಿಬಿಡಲಿ. ಹಯಾ ನಮ್ಮ ಈಮಾನಿನ ಭಾಗ, ಸರಿ. ಆದರೆ ತಾಯಂದಿರು ಗಂಡು ವೈದ್ಯರು ಪರೀಕ್ಷಿಸುತ್ತಾರೆಂದು ಆರು ತಿಂಗಳು ಸುಮ್ಮನಿದ್ದು, ಕರುಳು ಕಟ್ಟಿದ ಮೇಲೆ ಆಸ್ಪತ್ರೆಗೆ ಬರುವುದನ್ನು ಯಾವ ಆಲಿಮರೂ ಒಪ್ಪುವುದಿಲ್ಲ. ಮಹಿಳಾ ವೈದ್ಯರನ್ನು ಕೇಳಿ. ಸಿಗದಿದ್ದರೆ ನರ್ಸ್ ಅಥವಾ ಮನೆಯವರೊಬ್ಬರು ಜೊತೆಗಿರಲಿ. ಗುದನಾಳದ ಕೆಳಭಾಗದ ಗಡ್ಡೆ ಒಂದು ನಿಮಿಷದ ಬೆರಳಿನ ಪರೀಕ್ಷೆಗೇ ಸಿಗುತ್ತದೆ.

ಕ್ಯಾನ್ಸರ್ ಖಚಿತವಾದ ಮೇಲೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಯೂನಾನಿ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಮ್ಮ ಪದ್ಧತಿಯಲ್ಲೇ ‘ಇಲಾಜ್ ಬಿಲ್ ಯದ್’, ಅಂದರೆ ಕೈಯಿಂದ ಮಾಡುವ ಚಿಕಿತ್ಸೆ, ಒಂದು ಪ್ರತ್ಯೇಕ ವಿಭಾಗ. ಹತ್ತನೇ ಶತಮಾನದಲ್ಲಿ ಕುರ್ತುಬಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 30 ಭಾಗಗಳ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗವನ್ನು ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟು, ಉಪಕರಣಗಳ ಚಿತ್ರಗಳನ್ನೂ ಬರೆದಿಟ್ಟರು. ಗಡ್ಡೆಯನ್ನು ಲೇಹ್ಯದಿಂದ ಕರಗಿಸುತ್ತೇನೆ ಎನ್ನುವವರು ಯಾರ ಹೆಸರು ಹೇಳಿಕೊಂಡು ಹಾಗೆನ್ನುತ್ತಾರೋ ನನಗೆ ಗೊತ್ತಿಲ್ಲ.

ಹಿಂದೆ ಈ ಶಸ್ತ್ರಚಿಕಿತ್ಸೆಗೆ ಹೊಟ್ಟೆಯ ನಡುವೆ ಉದ್ದಕ್ಕೆ ಸೀಳಬೇಕಿತ್ತು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈ ಆಕ್ಸೈಡ್ ಅನಿಲ ತುಂಬಿ ಉಬ್ಬಿಸಿ, 5ರಿಂದ 12 ಮಿಲಿಮೀಟರಿನ ನಾಲ್ಕೈದು ತೂತುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗೆ ಬಿಡುತ್ತಾರೆ. ಕಾಯಿಲೆಯ ಭಾಗವನ್ನೂ ಅದರ ಸುತ್ತಲಿನ ದುಗ್ಧಗ್ರಂಥಿಗಳನ್ನೂ ಬಿಡಿಸಿ, ಉಳಿದ ಕರುಳಿನ ಎರಡು ತುದಿಗಳನ್ನು ಜೋಡಿಸುತ್ತಾರೆ. ಕತ್ತರಿಸಿದ ಕರುಳು ಆ ತೂತಿನಲ್ಲಿ ಹೊರಬರಲಾರದು. ಹಾಗಾಗಿ ಕೆಲವು ಸೆಂಟಿಮೀಟರಿನ ಒಂದು ಗಾಯ ಇದ್ದೇ ಇರುತ್ತದೆ. ‘ಕೀಹೋಲ್ ಅಂದಿದ್ದರು, ಇಲ್ಲಿ ನೋಡಿದರೆ ಹೊಲಿಗೆ’ ಎಂದು ಗಾಬರಿಯಾಗುವವರಿಗೆ ಈ ಮಾತು. ಎಚ್ಚರವಾದ ಮೇಲೆ ಭುಜ ನೋಯುವುದೂ ಉಂಟು. ಹೃದಯದ ನೋವೆಂದು ಹೆದರಬೇಡಿ, ಆದರೂ ನರ್ಸಿಗೆ ಹೇಳಿ. ಬಹುತೇಕ ಅದು ಒಳಗೆ ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಬರುವ ನೋವು, ಒಂದೆರಡು ದಿನದಲ್ಲಿ ಹೋಗುತ್ತದೆ.

ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಅವರು ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದದ್ದು 1990ರಲ್ಲಿ. ಅಮೆರಿಕದಲ್ಲಿ ದೊಡ್ಡ ಕರುಳಿಗೆ ಇದನ್ನು ಬಳಸಿದ ವರದಿ ಬಂದದ್ದು 1991ರಲ್ಲಿ. ಪಿತ್ತಕೋಶಕ್ಕೆ ಇದು ಬೇಗ ರೂಢಿಯಾಯಿತು, ಕರುಳಿನ ಕ್ಯಾನ್ಸರಿಗೆ ಆಗಲಿಲ್ಲ. ತೂತು ಹಾಕಿದ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಹುಟ್ಟಿದ ಪ್ರಕರಣಗಳು ಆರಂಭದಲ್ಲಿ ವರದಿಯಾದವು. ವೈದ್ಯರು ಹಿಂಜರಿದರು. ಹಿಂಜರಿದದ್ದು ಸರಿಯೇ.

ಸಂಶಯಕ್ಕೆ ಉತ್ತರ ಸಿಕ್ಕಿದ್ದು 2004ರಲ್ಲಿ. ಉತ್ತರ ಅಮೆರಿಕದ 48 ಆಸ್ಪತ್ರೆಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ 872 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತೆರೆದ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಲ್ಯಾಪರೋಸ್ಕೋಪಿ ಮಾಡಿದ್ದರು. ಮೂರು ವರ್ಷಗಳ ನಂತರ ಕ್ಯಾನ್ಸರ್ ಮರುಕಳಿಸಿದ್ದು ಲ್ಯಾಪರೋಸ್ಕೋಪಿ ಗುಂಪಿನಲ್ಲಿ ಶೇ. 16, ತೆರೆದ ಗುಂಪಿನಲ್ಲಿ ಶೇ. 18. ಬದುಕುಳಿದವರ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ. ಆಸ್ಪತ್ರೆಯಲ್ಲಿ ಕಳೆದ ದಿನಗಳು ಆರರಿಂದ ಐದಕ್ಕೆ ಇಳಿದವು, ನೋವಿನ ಮಾತ್ರೆ ಬೇಕಾದ ದಿನಗಳೂ ಕಡಿಮೆಯಾದವು. ಗುದನಾಳಕ್ಕೆ ಸಂಬಂಧಿಸಿ 1044 ರೋಗಿಗಳ ಯುರೋಪ್ ಮೂಲದ ಅಧ್ಯಯನ 2015ರಲ್ಲಿ ಬಂತು. ಮೂರು ವರ್ಷಕ್ಕೆ ಅದೇ ಜಾಗದಲ್ಲಿ ಮರುಕಳಿಸಿದ್ದು ಎರಡೂ ಗುಂಪುಗಳಲ್ಲಿ ಶೇ. 5. ಅದೇ ವರ್ಷದ ಬೇರೆ ಎರಡು ಅಧ್ಯಯನಗಳು ಗುದನಾಳದ ವಿಷಯದಲ್ಲಿ ಅಷ್ಟು ಭರವಸೆ ಕೊಡಲಿಲ್ಲ. ಸೊಂಟದ ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿ ಮಾಡುವ ಕೆಲಸವದು, ಕೈ ಪಳಗಿರಬೇಕು.

ಹಾಗಾಗಿ ಲೆಕ್ಕ ಇಷ್ಟು: ಸಣ್ಣ ತೂತಿನಿಂದ ನೋವು ಕಡಿಮೆ, ಗಾಯದ ಸೋಂಕು ಕಡಿಮೆ, ಕರುಳು ಬೇಗ ಕೆಲಸ ಶುರು ಮಾಡುತ್ತದೆ, ಮನೆಗೆ ಬೇಗ ಬರಬಹುದು. ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಮಾತ್ರ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅದನ್ನು ತೀರ್ಮಾನಿಸುವುದು ಕಾಯಿಲೆ ಯಾವ ಹಂತದಲ್ಲಿ ಸಿಕ್ಕಿತು ಎಂಬುದು ಮತ್ತು ಶಸ್ತ್ರವೈದ್ಯರ ಅನುಭವ. ರೋಬೋಟ್ ಎಂಬ ಪದ ಕೇಳಿ ಜಮೀನು ಮಾರಲು ಹೊರಡುವವರಿದ್ದಾರೆ. ಗುದನಾಳದ ಕ್ಯಾನ್ಸರಿನಲ್ಲಿ ರೋಬೋಟ್ ಮತ್ತು ಸಾಮಾನ್ಯ ಲ್ಯಾಪರೋಸ್ಕೋಪಿಯನ್ನು ಹೋಲಿಸಿ 2017ರಲ್ಲಿ ಪ್ರಕಟವಾದ 471 ರೋಗಿಗಳ ಅಧ್ಯಯನದಲ್ಲಿ, ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ. ಸಾಲ ಮಾಡುವ ಮೊದಲು ಆ ದಾರಿ ವಿಚಾರಿಸಿ.

ಲ್ಯಾಪರೋಸ್ಕೋಪಿ ಶುರು ಮಾಡಿ ನಡುವೆ ಹೊಟ್ಟೆ ತೆರೆದರೆ ವೈದ್ಯರು ಕೈಚೆಲ್ಲಿದರು ಎಂದು ತಿಳಿಯಬೇಡಿ. 2004ರ ಆ ಅಧ್ಯಯನದಲ್ಲೂ ಐವರಲ್ಲಿ ಒಬ್ಬರಿಗೆ ಹಾಗೆ ಆಗಿತ್ತು. ಹಿಂದಿನ ಶಸ್ತ್ರಚಿಕಿತ್ಸೆಯಿಂದ ಒಳಗೆ ಅಂಟಿಕೊಂಡಿದ್ದರೆ, ಗಡ್ಡೆ ಅಕ್ಕಪಕ್ಕಕ್ಕೆ ಹರಡಿದ್ದರೆ ಅದೇ ಸುರಕ್ಷಿತ.

ಇನ್ನು ಆಸ್ಪತ್ರೆಯ ದಿನಗಳು. ‘ಗ್ಯಾಸ್ ಹೋಗುವ ತನಕ ಒಂದು ಹನಿ ನೀರೂ ಇಲ್ಲ, ಅಲುಗಾಡಬಾರದು’ ಎಂಬುದು ಹಳೆಯ ಕಟ್ಟಳೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿದರು. ಈಗ ಹೆಚ್ಚಿನ ಕಡೆ ಅರಿವಳಿಕೆಗೆ ಎರಡು ಗಂಟೆ ಮೊದಲಿನ ತನಕ ನೀರು ಕುಡಿಯಲು ಬಿಡುತ್ತಾರೆ, ಬೇಗನೆ ಊಟ ಶುರು ಮಾಡಿಸುತ್ತಾರೆ, ಮರುದಿನವೇ ನಡೆಸುತ್ತಾರೆ. ನಮ್ಮವರಿಗೆ ಇದು ಕ್ರೌರ್ಯದಂತೆ ಕಾಣುತ್ತದೆ! ನರ್ಸ್ ಎಬ್ಬಿಸಿದರೆ ‘ಪಾಪ, ಮಲಗಲಿ ಬಿಡಿ’ ಎನ್ನಬೇಡಿ. ನಡೆದರೆ ಶ್ವಾಸಕೋಶಕ್ಕೆ ಕಫ ಕಟ್ಟುವುದೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ತಪ್ಪುತ್ತದೆ. ಇಯಾದತ್ ಸುನ್ನತ್ ನಿಜ, ಆದರೆ ಮಂಚದ ಸುತ್ತ ಇಪ್ಪತ್ತು ಜನ ನಿಂತು ಬಿರಿಯಾನಿಯ ಟಿಫಿನ್ ಬಿಚ್ಚುವುದು ಸುನ್ನತ್ ಅಲ್ಲ.

ಬೇಗ ಮನೆಗೆ ಕಳಿಸುವುದರಲ್ಲಿ ಒಂದು ಅಪಾಯವಿದೆ. ಕರುಳಿನ ಜೋಡಣೆ ಬಿಟ್ಟುಕೊಂಡರೆ ಒಳಗಿನದು ಹೊಟ್ಟೆಗೆ ಸೋರುತ್ತದೆ. ಸಾಮಾನ್ಯವಾಗಿ ಮೊದಲ ವಾರದ ಕೊನೆಯ ಹೊತ್ತಿಗೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ, ಅಂದರೆ ರೋಗಿ ಮನೆಯಲ್ಲಿರುವಾಗ ಇದು ಗೊತ್ತಾಗಬಹುದು. ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ನಾಡಿ ವೇಗ. ಕಷಾಯ ಕುಡಿಸಿ ಬೆಳಗಿನ ತನಕ ಕಾಯಬೇಡಿ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಆ ರಾತ್ರಿ ಕರೆದೊಯ್ಯಿರಿ. ಮನೆಗೆ ಹೊರಡುವಾಗ ರಾತ್ರಿ ಕರೆ ಮಾಡುವ ನಂಬರ್ ಬರೆಸಿಕೊಂಡಿರಬೇಕು.

ಗುದನಾಳದ ಕೆಳಭಾಗದಲ್ಲಿ ಜೋಡಿಸಿದಾಗ ಆ ಹೊಲಿಗೆ ಒಣಗಲೆಂದು ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದುಂಟು. ಕೆಲವು ತಿಂಗಳ ನಂತರ ಅದನ್ನು ಮುಚ್ಚುತ್ತಾರೆ. ಗಡ್ಡೆ ಗುದದ್ವಾರಕ್ಕೇ ತಾಗಿದ್ದರೆ ಚೀಲ ಶಾಶ್ವತ. ಈ ಮಾತು ಕೇಳಿದೊಡನೆ ‘ಇನ್ನು ನಮಾಝ್ ಹೇಗೆ?’ ಎಂದು ಶಸ್ತ್ರಚಿಕಿತ್ಸೆಯನ್ನೇ ಬೇಡವೆನ್ನುವವರನ್ನು ನೋಡಿದ್ದೇನೆ. ತಡೆಯಲಾಗದೆ ಹೊರಬರುವವರಿಗೆ ಶರೀಅತಿನಲ್ಲಿ ವಿನಾಯಿತಿ ಇದೆ. ಹನಫಿ ಮಝ್‌ಹಬಿನಲ್ಲಿ ಪ್ರತಿ ನಮಾಝಿನ ಸಮಯಕ್ಕೆ ಒಂದು ವುಝೂ ಸಾಕು, ಶಾಫಿಈ ಮಝ್‌ಹಬಿನಲ್ಲಿ ಸಮಯವಾದ ಮೇಲೆ ಪ್ರತಿ ಫರ್ಝ್ ನಮಾಝಿಗೂ ವುಝೂ ಮಾಡಬೇಕು. ವಿವರವನ್ನು ನಿಮ್ಮ ಆಲಿಮರಲ್ಲಿ ಕೇಳಿ, ಆದರೆ ಚಿಕಿತ್ಸೆ ಬಿಡಬೇಡಿ. ಚೀಲದ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಪೆನ್ನಿನಿಂದ ಗುರುತು ಮಾಡುತ್ತಾರೆ. ಆಗ ರುಕೂ, ಸುಜೂದ್ ಮಾಡಿ ತೋರಿಸಿ, ಲುಂಗಿ ಅಥವಾ ಶಲ್ವಾರ್ ಎಲ್ಲಿ ಕಟ್ಟುತ್ತೀರಿ ಎಂದೂ ಹೇಳಿ. ಹೊಟ್ಟೆಯ ಮಡಿಕೆಯಲ್ಲಿ ಬಿದ್ದರೆ ಚೀಲ ಪದೇ ಪದೇ ಸೋರುತ್ತದೆ.

ಸಣ್ಣ ಕರುಳಿನ ಚೀಲ ಇರುವವರು ರಮಝಾನಿನಲ್ಲಿ ಎಚ್ಚರ. ಅದರಲ್ಲಿ ನೀರೂ ಉಪ್ಪೂ ಬಹಳ ಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಮೂತ್ರಪಿಂಡಕ್ಕೆ ಪೆಟ್ಟು, ಬರೀ ನೀರು ಸಾಲದು, ಓಆರ್‌ಎಸ್ ಬೇಕು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಸೂರಃ ಅಲ್ ಬಕರಾದಿಂದಲೇ ಎಲ್ಲರಿಗೂ ಗೊತ್ತಿದೆ. ಚೀಲ ಮುಚ್ಚಿದ ಮೇಲೆ ಕಝಾ ಮಾಡಬಹುದು.

ಚೀಲ ಮುಚ್ಚಿದ ನಂತರ ಮೊದಲ ತಿಂಗಳುಗಳಲ್ಲಿ ಪದೇ ಪದೇ, ತಡೆಯಲಾಗದಂತೆ ಮಲ ಬರುವುದು ಸಾಮಾನ್ಯ. ನಿಧಾನವಾಗಿ ಹಿಡಿತ ಬರುತ್ತದೆ, ಕೆಲವರಿಗೆ ವರ್ಷಕ್ಕೂ ಮೀರಿ ಬೇಕು. ಇಸಬ್‌ಗೋಲ್ ಇಲ್ಲಿ ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ಗುದನಾಳದ ಪಕ್ಕದ ನರಗಳಿಗೆ ಪೆಟ್ಟಾದರೆ ಮೂತ್ರಕ್ಕೂ ದಾಂಪತ್ಯಕ್ಕೂ ತೊಂದರೆಯಾಗಬಹುದು. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು ವೈದ್ಯರಲ್ಲಿ ಕೇಳಿ. ಈ ವೈದ್ಯರು ಇಂಥ ಶಸ್ತ್ರಚಿಕಿತ್ಸೆ ಎಷ್ಟು ಮಾಡಿದ್ದಾರೆ, ಚೀಲ ಬೇಕಾಗುತ್ತದೆಯೇ, ಮೊದಲು ರೇಡಿಯೇಷನ್ ಕೊಡಬೇಕೇ ಎಂಬುದನ್ನೂ ಕೇಳಿ.

ಕೊನೆಗೆ, ಆಸ್ಪತ್ರೆಗೆ ಹೋಗುವಾಗ ಇಂಗ್ಲಿಷ್ ಮಾತ್ರೆಗಳ ಚೀಟಿಯ ಜೊತೆ ನಮ್ಮಂಥ ಹಕೀಮರು ಕೊಟ್ಟದ್ದನ್ನೂ ಮುಚ್ಚಿಡದೆ ತೋರಿಸಿ. ಬೆಳ್ಳುಳ್ಳಿಯ ಕ್ಯಾಪ್ಸೂಲ್ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಹುದು, ಲೋಹದ ಕುಶ್ತಾಗಳು ಮೂತ್ರಪಿಂಡಕ್ಕೆ ಭಾರವಾಗಬಹುದು. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅರಿವಳಿಕೆ ವೈದ್ಯರು ಹೇಳುತ್ತಾರೆ. ಬಾಟಲಿಗಳನ್ನು ಹಾಗೆಯೇ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೂ ಸಾಕು.